ಆಲ್ಸೀಡ್ ಸಹಿ ಹಾಕಿದ ಕಾಗದ

ಲೂಸಿಯಾನದ ದಕ್ಷಿಣ ತುದಿಯ ಹಿನ್ನೀರಿನಲ್ಲಿ ಸಿಗಡಿ ಹಿಡಿದು ಬಾಳಿದವನು ಆಲ್ಸೀಡ್ ವೆರ್ಡಿನ್. ಅವನು ಚಿಕ್ಕವನಿದ್ದಾಗ ಊರಿನ ಶಾಲೆ ಬಿಳಿಯರದು. ಅವನಂಥ ಮೂಲನಿವಾಸಿಗಳ ಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅದರ ಬಾಗಿಲು ಅವರಿಗೂ ತೆರೆಯುವ ಹೊತ್ತಿಗೆ ಅವನಿಗೆ ಹದಿಮೂರು ತುಂಬಿತ್ತು, ಅಪ್ಪನ ದೋಣಿಯಲ್ಲಿ ಬಲೆ ಎಳೆಯುತ್ತಿದ್ದ. ಅಕ್ಷರ ಹತ್ತಲೇ ಇಲ್ಲ.

ಹೆಂಡತಿ ಲೊರೀನಾ ಸಹಿ ಹಾಕುವುದೊಂದನ್ನು ಕಲಿಸಿದ್ದಳು. ಮಿಕ್ಕ ಕಾಗದಪತ್ರವೆಲ್ಲ ಅವಳದೇ. ಅವಳು ತೀರಿಕೊಂಡ ಮೇಲೆ, ಕನ್ನಡಕ ದೋಣಿಯಲ್ಲಿ ಉಳಿಯಿತು, ಅಕ್ಷರ ಸಣ್ಣದು ಎಂದು ನೆವ ಹೇಳುತ್ತ ಮಗಳು ಓಡೀಲ್ ಕೈಲಿ ಓದಿಸಿ ದಿನ ತಳ್ಳಿದ. ಮಗಳಿಗೂ ಗುಟ್ಟು ಬಿಟ್ಟುಕೊಡಲಿಲ್ಲ.

ಓಡೀಲ್ ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬಂದಾಗ ಹೊಸ ನಿಯಮವಾಯಿತು. ಕಾಲೇಜಿನ ಸರ್ಕಾರಿ ನೆರವಿಗೆ ಅರ್ಜಿ ಹಾಕದಿದ್ದರೆ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ ಕೊಡುವುದಿಲ್ಲ. ನೆರವು ಬೇಡವಾದರೆ ಹಾಗೆಂದು ತಂದೆಯೋ ತಾಯಿಯೋ ಸಹಿ ಮಾಡಿಕೊಡಬೇಕು. ಓಡೀಲ್‌ಗೆ ನರ್ಸಿಂಗ್ ಓದುವ ಆಸೆ. ಆದರೆ ದೋಣಿಯಲ್ಲಿ ಅಪ್ಪನಿಗೆ ಕೈಜೋಡಿಸುತ್ತಿದ್ದವಳೂ ಅವಳೇ. ಒತ್ತಾಯ ಮಾಡಬಾರದೆಂದು ಎರಡೂ ಕಾಗದ ಮೇಜಿನ ಮೇಲಿಟ್ಟಳು.

"ಒಂದು ನೆರವು ಕೇಳೋದು, ಇನ್ನೊಂದು ಬೇಡ ಅನ್ನೋದು. ನಿಂಗೆ ಯಾವುದು ಸರಿ ಅನ್ಸುತ್ತೋ ಅದಕ್ಕೆ ಸಹಿ ಹಾಕಪ್ಪ" ಎಂದು ಹೇಳಿ ಶಾಲೆಗೆ ಹೋದಳು.

ಆಲ್ಸೀಡ್ ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿದ. ಒಂದರ ತುಂಬ ಬರೆದು ತುಂಬಬೇಕಾದ ಖಾಲಿ ಚೌಕಗಳು, ಇನ್ನೊಂದರಲ್ಲಿ ಸಹಿಗೆ ಮಾತ್ರ ಗೆರೆ. ಮಗಳು ತುಂಬದೆ ಬಿಟ್ಟಿದ್ದೇ ನೆರವು ಬೇಡವೆನ್ನುವ ಕಾಗದ ಇರಬೇಕೆಂದುಕೊಂಡು, ನೆರವು ಕೇಳುವುದೆಂದು ಇನ್ನೊಂದಕ್ಕೆ ಸಹಿ ಹಾಕಿದ.

ಸಂಜೆ ಓಡೀಲ್ ಅದನ್ನು ನೋಡಿ, ಮಡಚಿ ಚೀಲಕ್ಕಿಟ್ಟಳು. ಅಂದಿನಿಂದ ಮನೆಯಲ್ಲಿ ಮಾತು ಕಡಿಮೆಯಾಯಿತು. ಅಪ್ಪನಿಗೆ ಗಂಬೊ ಎಂಬ ಸಿಗಡಿ ಸಾರು ಬಡಿಸಿ ತಾನು ಒಲೆಯ ಹತ್ತಿರ ನಿಂತೇ ಉಣ್ಣುವಳು. ಊರು ಬಿಡುವ ಸಂಕಟವಿರಬೇಕೆಂದು ಅವನೂ ಕೆದಕಲಿಲ್ಲ.

ಎರಡು ವಾರದ ಮೇಲೆ ಶಾಲೆಯ ಸಲಹೆಗಾರ್ತಿ ಮಿಸ್ ರೆನೀಟಾ ಫೋನು ಮಾಡಿ, ಇಷ್ಟು ಚೆನ್ನಾಗಿ ಓದುವ ಹುಡುಗಿಗೆ ನೆರವು ಯಾಕೆ ಬೇಡವೆಂದಿರಿ ಎಂದು ಕೇಳಿದಳು. ಸಹಿ ಹಾಕಿದ್ದು ಬೇಡವೆನ್ನುವ ಕಾಗದಕ್ಕೆಂದು ಆಲ್ಸೀಡ್‌ಗೆ ಆಗ ಗೊತ್ತಾಯಿತು. ಕಾಲಲ್ಲಿದ್ದ ರಬ್ಬರ್ ಬೂಟಿನಲ್ಲೇ ಶಾಲೆಗೆ ಹೋದ.

ಮನಸ್ಸು ಬದಲಾಯಿತೆಂದು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ದಾರಿಯುದ್ದಕ್ಕೂ ಅದನ್ನೇ ಯೋಚಿಸಿಕೊಂಡು ಬಂದಿದ್ದ. ಆದರೆ ಮಿಸ್ ರೆನೀಟಾ ಕರೆಸಿದ ಮಗಳು ಕೋಣೆಗೆ ಬಂದು ಅವನ ಮುಖ ನೋಡದೆ ಕುಳಿತಾಗ ಅದು ಬಾಯಿಗೆ ಬರಲಿಲ್ಲ.

"ನೀನು ಹೋಗೋದು ಬೇಡ ಅಂತ ಹಾಕಿದ ಸಹಿ ಅಲ್ಲ ಮಗಳೇ ಅದು. ಯಾವ ಕಾಗದ ಯಾವುದು ಅಂತ ಗೊತ್ತಾಗ್ಲಿಲ್ಲ. ನಂಗೆ ಓದಕ್ಕೆ ಬರಲ್ಲ."

ಓಡೀಲ್ ಅವನತ್ತ ತಿರುಗಿದಳು. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಚಿಕ್ಕೋಳಿದ್ದಾಗ ಪುಸ್ತಕ ತಂದು ತೊಡೆ ಮೇಲೆ ಕೂತ್ಕೊಂಡೆ. ಚಿತ್ರ ನೋಡ್ಕೊಂಡು ಏನೋ ಕತೆ ಕಟ್ಟಿ ಹೇಳ್ದೆ. ನೀನು ನಂಬಿದೆ. ಆಮೇಲೆ ಹೇಳೋಕೆ ನಾಚಿಕೆ ಆಯ್ತು."

ಅವಳು ಎದ್ದು ಬಂದು ಕುರ್ಚಿಯನ್ನು ಅಪ್ಪನ ಪಕ್ಕಕ್ಕೆಳೆದುಕೊಂಡಳು. ಮಿಸ್ ರೆನೀಟಾ ಹಳೆಯ ಕಾಗದವನ್ನು ಹರಿದು ಹೊಸ ಅರ್ಜಿ ತೆಗೆದಳು. ಓಡೀಲ್ ಒಂದೊಂದೇ ಪ್ರಶ್ನೆ ಓದಿ ಹೇಳಿದಳು, ಆಲ್ಸೀಡ್ ಉತ್ತರ ಕೊಟ್ಟ. ಮುಗಿಯುವಾಗ ಮಧ್ಯಾಹ್ನವಾಗಿತ್ತು.

ಆಗಸ್ಟಿನಲ್ಲಿ ಓಡೀಲ್ ನರ್ಸಿಂಗ್ ಸೇರಿದಳು. ಆಲ್ಸೀಡ್ ಆ ಹಂಗಾಮಿಗೆ ತಂಗಿಯ ಗಂಡನನ್ನು ದೋಣಿಗೆ ಕರೆದುಕೊಂಡ. ಅವನದು ಕೆಲಸಕ್ಕಿಂತ ಬಾಯಿ ಜೋರು ಎಂದು ಭಾನುವಾರ ಫೋನಿನಲ್ಲಿ ಮಗಳ ಹತ್ತಿರ ದೂರುತ್ತಿದ್ದ.