ಬ್ಯಾಟರಾಯಪ್ಪನವರ ತಂಗುದಾಣ

ಹೆಸರಘಟ್ಟದ ಹುಲ್ಲುಗಾವಲಿನ ಅಂಚಿನಲ್ಲಿ ಒಂದು ಕಾಲುದಾರಿಯಿದೆ. ಸರ್ಕಾರ ಮಾಡಿದ್ದಲ್ಲ. ವಿದ್ಯಾರಣ್ಯಪುರದ ಕೆಲವರು ಭಾನುವಾರಗಳಲ್ಲಿ ಹೋಗಿ, ಲಂಟಾನ ಪೊದೆ ಕಡಿದು, ಖಾಲಿ ಬಾಟಲಿ ಹೆಕ್ಕಿ, ಕಲ್ಲುಗಳ ಮೇಲೆ ಹಳದಿ ಬಾಣ ಬರೆದು ಮಾಡಿಕೊಂಡದ್ದು. ಬಾಣ ಬರೆಯುವ ಕೆಲಸ ಬ್ಯಾಟರಾಯಪ್ಪನವರದು. ಜಾಲಹಳ್ಳಿಯ ಕಾರ್ಖಾನೆಯೊಂದರ ಪೇಂಟ್ ಶಾಪಿನಲ್ಲಿ ದುಡಿದು ನಿವೃತ್ತರಾದ ಮನುಷ್ಯ. ಮನೆಯ ಗೇಟು, ಕಿಟಕಿ, ತುಳಸಿಕಟ್ಟೆ, ಕೊನೆಗೆ ಪಕ್ಕದ ಮನೆಯವರ ಗೇಟಿಗೂ ಬಣ್ಣ ಬಳಿದು ಮುಗಿಸಿದಾಗ ಹೆಂಡತಿ ಗೋಪಾಲಮ್ಮನಿಗೆ ಗಾಬರಿಯಾಗಿತ್ತು.

"ಇನ್ನು ನನಗೆ ಬಳಿಯೋದೊಂದು ಬಾಕಿ. ಎಲ್ಲಾದ್ರೂ ಹೊರಗಡೆ ಹೋಗ್ರೀ," ಎಂದು ಆಕೆಯೇ ಅವರನ್ನು ಆ ಗುಂಪಿಗೆ ಸೇರಿಸಿದ್ದು.

ಒಮ್ಮೆ ಗುಂಪು ದೂರದ ಬೆಟ್ಟವೊಂದಕ್ಕೆ ಹೋಗಿ, ಅಲ್ಲಿ ಚಾರಣಿಗರಿಗೆಂದೇ ಕಟ್ಟಿದ್ದ ಗುಡಿಸಲಿನಲ್ಲಿ ರಾತ್ರಿ ತಂಗಿತು. ಗುರುತಿಲ್ಲದವರೊಬ್ಬರು ಬ್ಯಾಟರಾಯಪ್ಪನವರಿಗೆ ಅರ್ಧ ಚಪಾತಿ ಕೊಟ್ಟರು, ಇನ್ನೊಬ್ಬರು ಕಂಬಳಿ ಹೊದಿಸಿದರು. ಬ್ಯಾಟರಾಯಪ್ಪನವರು ಮರಳಿ ಬಂದವರೇ, ನಮ್ಮ ದಾರಿಯಲ್ಲೂ ಅಂಥದ್ದೊಂದು ಆಗಲೇಬೇಕೆಂದು ಹಠ ಹಿಡಿದು ಕೂತರು.

ಗುಂಪು ನಡೆಸುತ್ತಿದ್ದವಳು ತೇಜಸ್ವಿನಿ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವಳು.

"ಅಂಕಲ್, ನಮ್ಮ ದಾರಿ ಕಾಫಿ ಕುಡಿದು ಶುರು ಮಾಡಿದ್ರೆ ದೋಸೆ ಹೊತ್ತಿಗೆ ಮುಗಿದೋಗತ್ತೆ. ಅಲ್ಲಿ ರಾತ್ರಿ ಯಾರು ಮಲಗ್ತಾರೆ?"

"ನಿಧಾನವಾಗಿ ನಡೆಯೋರೂ ಇರ್ತಾರಲ್ಲಮ್ಮಾ."

"ಎಷ್ಟು ನಿಧಾನ ಅಂಕಲ್?"

ಬ್ಯಾಟರಾಯಪ್ಪನವರು ಮಾತು ಬದಲಿಸಿದರು: "ಕ್ವಾರ್ಟರ್ಸಲ್ಲಿ ನಮಗಿದ್ದದ್ದು ಒಂದೇ ರೂಮು ಕಣಮ್ಮಾ. ನೆಂಟರು ಯಾರೇ ಬಂದ್ರೂ ಊಟ ಹಾಕಿ, ಕೊನೇ ಬಸ್ಸಿಗೆ ಹತ್ತಿಸಿ ಬರ್ತಿದ್ದೆ. ಒಬ್ಬರಿಗೂ 'ಇವತ್ತು ಉಳ್ಕೊಳ್ಳಿ' ಅನ್ನಲಿಲ್ಲ."

ಇದನ್ನು ಕೇಳಿದ ಮೇಲೆ ಬೇಡವೆನ್ನಲು ಯಾರಿಗೂ ಬಾಯಿ ಬರಲಿಲ್ಲ.

ಸರ್ಕಾರಿ ಹುಲ್ಲುಗಾವಲಿನೊಳಗೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಕಾಲುದಾರಿ ಡಾಂಬರು ರಸ್ತೆಯನ್ನು ದಾಟುವಲ್ಲಿ ಅಂಜಿನಮ್ಮ ಎಂಬಾಕೆಯ ಜಮೀನಿನ ಮೂಲೆಯೊಂದಿತ್ತು. ಹಸು ಕಟ್ಟಿಕೊಂಡು ಯಲಹಂಕದ ಮನೆಗಳಿಗೆ ಹಾಲು ಹಾಕುವ ಹೆಂಗಸು. ಕೇಳಿದ ಕೂಡಲೇ ಒಪ್ಪಿದಳು. "ಕಟ್ಕೊ ಓಗಪ್ಪಾ. ನಂಗೂ ಒಸಿ ನೆಳ್ಳಾಯ್ತದೆ."

ನಾಲ್ಕು ಕಬ್ಬಿಣದ ಕಂಬ ನೆಟ್ಟರು. ಗುಂಪಿನಲ್ಲಿದ್ದ ಹಲ್ಲಿನ ಡಾಕ್ಟರೊಬ್ಬರು ಗುಂಡಿಗಳಿಗೆ ಕಾಂಕ್ರೀಟು ತುಂಬಿ, ನಯವಾಗಿ ಸವರಿ, ಅಭ್ಯಾಸಬಲದಿಂದ "ಎರಡು ಗಂಟೆ ಏನೂ ಅಗೀಬೇಡಿ" ಎಂದರು. ಮೇಲೆ ತಗಡು, ಮೂರು ಕಡೆ ತಗಡು. ನಾಲ್ಕನೆಯ ಕಡೆಗೆ ತಗಡು ಸಾಲದೆ, ಗಾಳಿ ಬರಲೆಂದು ಬಿಟ್ಟದ್ದೆಂದು ತೀರ್ಮಾನಿಸಿದರು. ಒಳಗೆ, ಕಾಲು ಚಾಚಿ ಮಲಗುವಷ್ಟು ಉದ್ದದ ಕಲ್ಲು ಬೆಂಚು. ಬ್ಯಾಟರಾಯಪ್ಪನವರು ಎಲ್ಲಕ್ಕೂ ನೀಲಿ ಬಣ್ಣ ಹೊಡೆದು, ರಸ್ತೆಗೆ ಕಾಣುವಂತೆ ಮುತ್ತಿನಂಥ ಅಕ್ಷರಗಳಲ್ಲಿ ಬರೆದರು: ಚಾರಣಿಗರ ತಂಗುದಾಣ.

ಮರುದಿನ ಬಣ್ಣ ಒಣಗಿದೆಯೇ ಎಂದು ನೋಡಲು ಹೋದರೆ ಒಳಗೆ ಅಂಜಿನಮ್ಮ ಹಾಲಿನ ಕ್ಯಾನು ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಇನ್ನೂ ಐದಾರು ಜನ.

"ಎಲ್ಲಿಗೆ ಹೊರಟ್ರಿ?"

"ಯಲಂಕಕ್ಕೆ. ಬಸ್ಸು ಕಾಯ್ತಾ ಇವ್ನಿ."

"ಇದು ಬಸ್ ಸ್ಟಾಪಲ್ಲಮ್ಮಾ."

"ನೀನೇ ಬರ್ದಿದ್ದೀಯಲ್ಲಪ್ಪಾ, ತಂಗುದಾಣ ಅಂತ."

"ಅದು ಚಾರಣಿಗರದು. ನಡ್ಕೊಂಡ್ ಬರೋರಿಗೆ."

"ನಾವೇನ್ ಆರ್ಕೊಂಡ್ ಬಂದ್ವಾ?"

ಆ ರಸ್ತೆಯ ಬಸ್ಸು ಅಲ್ಲಿ ಎಂದೂ ನಿಂತದ್ದಿಲ್ಲ. ಆ ದಿನವೂ ಡ್ರೈವರ್ ಮುನೀಂದ್ರ ನಿಲ್ಲಿಸುವವನಿರಲಿಲ್ಲ. ಆದರೆ ಎಲ್ಲರೂ ರಸ್ತೆಗಿಳಿದು ಕೈ ಅಡ್ಡ ಹಿಡಿದರು. ಕಂಡಕ್ಟರ್ ವಹಾಬ್ ಸಿಟ್ಟಿನಿಂದ ಇಳಿದು ಬಂದ. "ಇಲ್ಲಿ ಸ್ಟಾಪ್ ಇಲ್ಲ ಕಣ್ರೀ!" ಎಂದವನು ತಲೆಯೆತ್ತಿ ನೋಡಿದ. ನೀಲಿ ತಗಡು, ಕಲ್ಲು ಬೆಂಚು, ದಪ್ಪಕ್ಷರ. ಅವನಿಗೆ ತನ್ನ ಮೇಲೇ ಅನುಮಾನ ಬಂತು. "ಡಿಪೋದವರು ನಮಗೇನೂ ಹೇಳೋದೇ ಇಲ್ಲ ಬಿಡಿ. ಹತ್ತಿ, ಹತ್ತಿ."

ಅಂದಿನಿಂದ ಬಸ್ಸು ದಿನಾ ನಿಲ್ಲತೊಡಗಿತು.

ಬ್ಯಾಟರಾಯಪ್ಪನವರು ಬ್ರಷ್ ತಂದು ಬೋರ್ಡಿನ ಕೆಳಗೆ "ಇದು ಬಸ್ ನಿಲ್ದಾಣವಲ್ಲ" ಎಂದು ಸೇರಿಸಿದರು. ಅದು ಇನ್ನೂ ಕೆಟ್ಟದಾಯಿತು. ದೂರದಿಂದ ಬರುವವರ ಕಣ್ಣಿಗೆ ಬೀಳುತ್ತಿದ್ದದ್ದು "ಬಸ್ ನಿಲ್ದಾಣ" ಎಂಬಷ್ಟೇ. ಆಚೆ ಹಳ್ಳಿಯವರೂ ಬಂದು ಕೂರಲಾರಂಭಿಸಿದರು. ಅದಕ್ಕಿಂತ ನೋವಿನ ಸಂಗತಿಯೆಂದರೆ, ಭಾನುವಾರದ ಚಾರಣಿಗರು ಅಲ್ಲಿಯವರೆಗೆ ನಡೆದು ಬಂದು, ಬಸ್ಸು ಕಂಡೊಡನೆ ಹತ್ತಿ ಮನೆಗೆ ಹೋಗತೊಡಗಿದರು.

"ಅಂಕಲ್, ತಪ್ಪು ತಿಳ್ಕೋಬೇಡಿ," ಎಂದಳು ತೇಜಸ್ವಿನಿ. "ಇದು ಆದ್ಮೇಲೆ ಮುಂದಿನ ಅರ್ಧ ದಾರೀಲಿ ಯಾರೂ ನಡೀತಾನೇ ಇಲ್ಲ. ಹುಲ್ಲು ಬೆಳೆದುಬಿಟ್ಟಿದೆ."

ಬ್ಯಾಟರಾಯಪ್ಪನವರು ಭಾನುವಾರಗಳಂದು ಹೋಗುವುದನ್ನೇ ಬಿಟ್ಟರು. ವಾರದ ನಡುವೆ ಯಾವಾಗಲಾದರೂ ಒಬ್ಬರೇ ಸ್ಕೂಟರಿನಲ್ಲಿ ಹೋಗಿ ಬೆಂಚು ಒರೆಸಿ, ಕಡಲೆಕಾಯಿ ಸಿಪ್ಪೆ ಗುಡಿಸಿ ಬರುತ್ತಿದ್ದರು. ಹಾಗೊಂದು ದಿನ ವಹಾಬ್ ಬಸ್ಸಿನಿಂದ ಇಳಿದು ಬಂದ.

"ಸಾರ್, ನಿಮ್ಮ ಸ್ಟಾಪಲ್ಲಿ ಸಖತ್ ಕಲೆಕ್ಷನ್ನು. ಡಿಪೋದವರು ನೈಟ್ ಹಾಲ್ಟ್ ಹಾಕಿದಾರೆ. ಶನಿವಾರದಿಂದ ಲಾಸ್ಟ್ ಟ್ರಿಪ್ ಇಲ್ಲೇ ನಿಲ್ಲತ್ತೆ. ನಾನೂ ಡ್ರೈವರ್ರೂ ಇಲ್ಲೇ ಮಲ್ಕೊಂಡು ಬೆಳಿಗ್ಗೆ ಫಸ್ಟ್ ಟ್ರಿಪ್ ಎತ್ತಬೇಕು."

"ಇಲ್ಲೇ ಅಂದ್ರೆ, ಇದರೊಳಗೆ?"

"ಇನ್ನೆಲ್ಲಿ ಸಾರ್? ಬಸ್ಸಿನ ಸೀಟಲ್ಲಿ ಕಾಲು ಚಾಚೋಕಾಗಲ್ಲ."

"ರಾತ್ರಿ ಪೂರ್ತಿ?"

ವಹಾಬ್ ಅವರ ಮುಖವನ್ನೇ ನೋಡಿದ. ಇಷ್ಟು ಸಂತೋಷ ಯಾಕೆಂದು ಅವನಿಗೆ ಅರ್ಥವಾಗಲಿಲ್ಲ.

ಶನಿವಾರ ಸಂಜೆ ಬ್ಯಾಟರಾಯಪ್ಪನವರ ಸ್ಕೂಟರು ಎರಡು ಹಾಸಿಗೆ, ಎರಡು ದಿಂಬು, ಸೊಳ್ಳೆ ಪರದೆ, ಮಣ್ಣಿನ ಹೂಜಿಗಳನ್ನು ಹೊತ್ತು ವಾಲಾಡುತ್ತ ಹೊರಟಿತು. "ನಮ್ಮಣ್ಣ ಬಂದಾಗ ಒಂದು ಚಾಪೆಗೂ ಗತಿ ಇರಲಿಲ್ಲ," ಎನ್ನುತ್ತಲೇ ಗೋಪಾಲಮ್ಮ ದಿಂಬಿಗೆ ಕಸೂತಿಯ ಕವರು ಹಾಕಿಕೊಟ್ಟರು.

ಬೆಳಗಾದ ಕೂಡಲೇ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಅವರು ಮತ್ತೆ ಹಾಜರು.

"ನಿದ್ದೆ ಹೇಗಾಯ್ತಪ್ಪಾ?"

"ಎಲ್ಲಿ ಸಾರ್? ಬೆನ್ನು ಹಿಡ್ಕೊಂಡಿದೆ. ಪರದೆ ಒಳಗೇ ಸೊಳ್ಳೆ. ಅಂಜಿನಮ್ಮನ ಹಸು ಬಂದು ದಿಂಬು ನೆಕ್ಕಿ ಹೋಯ್ತು."

ಬ್ಯಾಟರಾಯಪ್ಪನವರು ಒಂದೊಂದು ದೂರನ್ನೂ ತಲೆಯಾಡಿಸುತ್ತ, ಸವಿಯುತ್ತ ಕೇಳಿದರು. ಆಮೇಲೆ ಮುನೀಂದ್ರ ಎಲ್ಲಿ ಎಂದರು.

ವಹಾಬನಿಗೂ ಅದೇ ತಿಳಿಯಬೇಕಿತ್ತು. ಮುಖ ತೊಳೆಯಲು ಹೋದ ಡ್ರೈವರು ಬಂದಿರಲಿಲ್ಲ. ಅವನ ಫೋನು ಸೀಟಿನ ಮೇಲಿತ್ತು. ಬಸ್ಸಿನ ತುಂಬ ಜನ ಕೂತಿದ್ದರು. ವಹಾಬ್ ಹುಲ್ಲುಗಾವಲಿಗೆ ಮುಖ ಮಾಡಿ ವಿಸಿಲ್ ಊದಿದ. ಒಂದಷ್ಟು ಹಕ್ಕಿ ಎದ್ದವೇ ಹೊರತು ಮುನೀಂದ್ರ ಏಳಲಿಲ್ಲ.

ಅಷ್ಟರಲ್ಲಿ ಬ್ಯಾಟರಾಯಪ್ಪನವರ ಫೋನು ಹೊಡೆದುಕೊಂಡಿತು. ಆ ಕಡೆ ತೇಜಸ್ವಿನಿ.

"ಅಂಕಲ್! ದಾರೀಲಿ ಒಬ್ಬರು ಸಿಕ್ಕಿದಾರೆ. ಎಲ್ಲಿಂದ ಬಂದ್ರಿ ಅಂದ್ರೆ ತಂಗುದಾಣದಿಂದ ಅಂತಾರೆ. ರಾತ್ರಿ ಅಲ್ಲೇ ಮಲಗಿದ್ರಂತೆ! ಬೆಳಿಗ್ಗೆ ಎದ್ದು ಹುಲ್ಲು ನೋಡಿ ಹಾಗೇ ನಡ್ಕೊಂಡು ಬಂದುಬಿಟ್ರಂತೆ. ಎಲ್ಲರೂ ಫೋಟೋ ತೆಗೆಸ್ಕೋತಿದಾರೆ. ಕೆರೆ ತನಕ ಬರ್ತೀರಾ ಅಂತ ಕೇಳ್ಲಾ?"

ಬಸ್ಸಿನ ಕಿಟಕಿಯಿಂದ ಅಂಜಿನಮ್ಮ ಕೂಗಿದಳು: "ಓಯ್, ಆಲು ಒಡ್ದೋಯ್ತದೆ! ಡ್ರೈವರ್ ಸಿಕ್ಕಿದ್ನಾ ಇಲ್ವಾ?"

ಬ್ಯಾಟರಾಯಪ್ಪನವರು ಒಂದು ಕೈಯಿಂದ ಫೋನನ್ನು ಮುಚ್ಚಿಕೊಂಡು ವಹಾಬನಿಗೆ ಬೆನ್ನು ತಿರುಗಿಸಿದರು.

"ಕೇಳಬೇಕಾ ತಾಯೀ? ಕೆರೆ ಪೂರ್ತಿ ತೋರಿಸಿ ಕಳಿಸು," ಎಂದು ಪಿಸುಗುಟ್ಟಿದರು. ಆಮೇಲೆ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿಕೊಂಡು, ಮೊದಲು ಅಂಜಿನಮ್ಮನನ್ನು ಸಮಾಧಾನ ಮಾಡಲು ಬಸ್ಸು ಹತ್ತಿದರು.