ಚಾವಣಿಗೆ ಬೆಳಕು ಏರಿಸುವ ಕನ್ನಡಿಯಕ್ಕ

ಬೆಳಗಿನ ಆರೂ ಮುಕ್ಕಾಲು. ಹಳೆಯ ಚರ್ಚಿನ ದೊಡ್ಡ ಬಾಗಿಲು ತೆರೆದಿದೆಯಾದರೂ ಒಳಗಿನ್ನೂ ಕತ್ತಲೆ ಹರಿದಿಲ್ಲ. ಅಂಗಳದ ಕಲ್ಲುಹಾಸಿನ ಮೇಲೆ ಅರವತ್ತೊಂದು ವರ್ಷದ ಹೆಂಗಸೊಬ್ಬರು ಆಳೆತ್ತರದ ಕನ್ನಡಿಯನ್ನು ಮರದ ಸ್ಟ್ಯಾಂಡಿಗೆ ಒರಗಿಸಿ, ಹಳೆಯ ಬನಿಯನ್ ಬಟ್ಟೆಯಿಂದ ಒರೆಸುತ್ತಿದ್ದಾರೆ. ಬಾಯಿಂದ ಹಾ ಎಂದು ಉಸಿರು ಬಿಡುವುದು, ಒರೆಸುವುದು, ಮತ್ತೆ ಉಸಿರು ಬಿಡುವುದು.

“ಅಕ್ಕಾ, ಆಯ್ತಾ?” ಒಳಗಿನಿಂದ ತಮ್ಮನ ಕೂಗು.

“ಸೂರ್ಯ ಏನು ನಿನ್ನ ಮನೆ ಆಳೇನೋ? ಬರ್ತಾನೆ ತಡಿ.”

ಎದುರು ಕಟ್ಟಡದ ನೀರಿನ ಟ್ಯಾಂಕನ್ನು ದಾಟಿ ಸೂರ್ಯ ಬರುತ್ತಾನೆ. ಕನ್ನಡಿಗೆ ಬಡಿದ ಬಿಸಿಲು ಬಾಗಿಲೊಳಗೆ ನುಗ್ಗಿ, ಬೆಂಚುಗಳ ನಡುವಿನ ದಾರಿಯಲ್ಲಿ ಬಿಳಿ ಬಟ್ಟೆಯ ಥಾನು ಬಿಚ್ಚಿದಂತೆ ಉದ್ದಕ್ಕೂ ಹಾಸಿಕೊಳ್ಳುತ್ತದೆ. ಅಕ್ಕ ಮಂಡಿ ಒಪ್ಪಿದಷ್ಟು ಬಿರುಸಾಗಿ ಒಳಗೆ ಓಡಿ, ಎರಡನೆಯ ಕನ್ನಡಿಯನ್ನು ಎದೆಗವಚಿ ಎತ್ತಿ, ಆ ಬಿಸಿಲನ್ನು ಹಿಡಿದು ಮೇಲಕ್ಕೆ ಎಸೆಯುತ್ತಾರೆ. ನಲವತ್ತಡಿ ಮೇಲೆ ಚಾವಣಿ ಕಣ್ಣು ಬಿಡುತ್ತದೆ. ನೀಲಿ ನೆಲ, ಚಿನ್ನದ ಚುಕ್ಕಿ, ನಾಲ್ಕು ಮೂಲೆಗೆ ನಾಲ್ಕು ದೇವದೂತರು. ಒಬ್ಬನ ಮೂಗು ಹಾರಿಹೋಗಿದೆ.

ತಮ್ಮ ಕ್ಯಾಮೆರಾದ ಗುಂಡಿ ಒತ್ತುತ್ತಾನೆ. ಕ್ಯಾಮೆರಾದ ಕಣ್ಣು ತೊಂಬತ್ತು ಸೆಕೆಂಡು ತೆರೆದೇ ಇರುತ್ತದೆ. ಅಷ್ಟು ಹೊತ್ತೂ ಅಕ್ಕ ನಾಲ್ಕೂವರೆ ಕಿಲೋ ತೂಕದ ಕನ್ನಡಿಯನ್ನು ಒಂದೇ ಹದದಲ್ಲಿ ಆಡಿಸುತ್ತಾ ಇಡೀ ಚಾವಣಿಗೆ ಬೆಳಕು ಹಾಯಿಸಬೇಕು.

“ಗುಡಿಸೋ ಕೆಲಸವೇ ಇದು,” ಎನ್ನುತ್ತಾರೆ ಅವರು. “ಒಂದೇ ಕಡೆ ಪೊರಕೆ ಆಡಿಸ್ತಾ ನಿಂತ್ರೆ ಮನೆ ಗುಡಿಸಿದ ಹಾಗಾಗುತ್ತಾ? ಮೂಲೆಗೂ ಹೋಗ್ಬೇಕು, ಬಾಗಿಲ ಹಿಂದಕ್ಕೂ ಹೋಗ್ಬೇಕು. ಬೆಳಕೂ ಹಾಗೇ.”

ಸೂರ್ಯ ಸುಮ್ಮನೆ ನಿಲ್ಲುವವನಲ್ಲ. ನಾಲ್ಕೈದು ನಿಮಿಷಕ್ಕೊಮ್ಮೆ ಬಿಸಿಲು ಬಾಗಿಲು ತಪ್ಪಿ ಗೋಡೆಗೆ ಸರಿಯುತ್ತದೆ. ಅಕ್ಕ ಹೊರಗೆ ಬಂದು ದೊಡ್ಡ ಕನ್ನಡಿಯನ್ನು ಹೆಬ್ಬೆರಳಗಲ ಸರಿಸಿ, ಮತ್ತೆ ಒಳಗೆ ಹೋಗುತ್ತಾರೆ. ಸೂರ್ಯ ಅಂಗಳದಂಚಿನ ಮರದ ಹಿಂದೆ ಮರೆಯಾಗುವುದರೊಳಗೆ ಹೀಗೆ ಹನ್ನೆರಡು, ಹದಿಮೂರು ಸಲ ಓಡಾಟ.

ಹಳೆಯ ಚರ್ಚುಗಳನ್ನೂ ಸನ್ಯಾಸಿ ಮಠಗಳನ್ನೂ ಪ್ರೀತಿಸುವವರಿಗೆ ಈ ತಮ್ಮನ ಫೋಟೋಗಳು ಗೊತ್ತು. ಏಳು ಪುಸ್ತಕ ಬಂದಿವೆ. ಕಮಾನು, ಕಂಬ, ಗಂಟೆಗೋಪುರ, ಬಣ್ಣದ ಗಾಜು, ಎಲ್ಲದರ ಕೆಳಗೂ ತಮ್ಮನ ಹೆಸರಿದೆ. ಅಕ್ಕನ ಹೆಸರು ಎಲ್ಲಿಯೂ ಇಲ್ಲ. ಚರ್ಚುಗಳ ಕಾವಲುಗಾರರು, ಗಂಟೆ ಬಾರಿಸುವವರು, ಹೂ ಜೋಡಿಸುವವರು ಮಾತ್ರ ಅವರನ್ನು ದೂರದಿಂದಲೇ ಗುರುತಿಸಿ, “ಕನ್ನಡಿಯಕ್ಕ ಬಂದ್ರು” ಎಂದು ಬಾಗಿಲು ತೆಗೆಯುತ್ತಾರೆ.

ಮದುವೆ ಆಗಲಿಲ್ಲ. ಆಗಲಿಲ್ಲ ಅನ್ನುವುದಕ್ಕಿಂತ ಪುರುಸೊತ್ತಾಗಲಿಲ್ಲ ಎಂದು ಅವರೇ ನಗುತ್ತಾರೆ. ಹತ್ತೊಂಬತ್ತು ವರ್ಷ ಕನ್ನಡಿ ಅಂಗಡಿಯೊಂದರಲ್ಲಿ ಗಾಜು ಕತ್ತರಿಸಿದವರು. ಎಡಗೈ ಹೆಬ್ಬೆರಳ ಬುಡದಲ್ಲಿ ಆ ಕಾಲದ ಏಳು ಹೊಲಿಗೆಯ ಗುರುತಿದೆ. ಅಂಗಡಿ ಮುಚ್ಚಿದ ವರ್ಷವೇ ತಮ್ಮನಿಗೆ ಮೊದಲ ದೊಡ್ಡ ಕೆಲಸ ಸಿಕ್ಕಿತು. ಆದರೆ ಆ ಚರ್ಚಿನವರು ಚಿತ್ರಗಳ ಬಣ್ಣ ಮಾಸುತ್ತದೆಂದು ಫ್ಲ್ಯಾಶ್ ಬೇಡವೆಂದರು. ದೀಪ ಹಾಕೋಣವೆಂದರೆ ಅಲ್ಲಿನ ವೈರುಗಳು ಅಜ್ಜನ ಕಾಲದವು. ಮೂರು ದಿನ ಕಪ್ಪು ಕಪ್ಪು ಫೋಟೋ ತೆಗೆದು ತಮ್ಮ ಮುಖ ಸಣ್ಣಗೆ ಮಾಡಿಕೊಂಡು ಮನೆಗೆ ಬಂದ. ನಾಲ್ಕನೆಯ ದಿನ ಅಕ್ಕ ಮನೆಯ ಬೀರುವಿನ ಬಾಗಿಲಿನಿಂದ ಕನ್ನಡಿ ಬಿಚ್ಚಿ, ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಅವನ ಹಿಂದೆ ಹೊರಟರು.

ಅಂದಿನಿಂದ ಇಪ್ಪತ್ತೆರಡು ವರ್ಷ. ನಲವತ್ತೊಂದು ಚರ್ಚು, ಒಂಬತ್ತು ಮಠ. ಅವರ ಕೈಚೀಲದಲ್ಲಿ ಸದಾ ಒಂದು ದಪ್ಪ ನೋಟುಪುಸ್ತಕ. ಯಾವ ಚರ್ಚಿನ ಯಾವ ಕಿಟಕಿಗೆ ಯಾವ ತಿಂಗಳಲ್ಲಿ ಎಷ್ಟು ಹೊತ್ತಿಗೆ ಬಿಸಿಲು ಬರುತ್ತದೆ, ಎಷ್ಟು ನಿಮಿಷ ಇರುತ್ತದೆ, ಎಲ್ಲವೂ ಅದರಲ್ಲಿದೆ. ಒಂದು ಮಠದ ನೆಲಮಾಳಿಗೆಗೆ ವರ್ಷಕ್ಕೆ ಹದಿನೇಳೇ ದಿನ, ದಿನಕ್ಕೆ ಹನ್ನೊಂದೇ ನಿಮಿಷ ಬಿಸಿಲು. ಅದಕ್ಕಾಗಿ ಅಕ್ಕ ತಮ್ಮ ಇಬ್ಬರೂ ಎರಡು ವರ್ಷ ಕಾದಿದ್ದಾರೆ. ಮೊದಲ ವರ್ಷ ಹದಿನೇಳು ದಿನವೂ ಮೋಡ!

ಎರಡು ವರ್ಷದ ಹಿಂದೆ ಸನ್ಯಾಸಿನಿಯರ ಮಠವೊಂದರ ಊಟದ ಹಜಾರದಲ್ಲಿ ಕೆಲಸ ನಡೆದಿತ್ತು. ಉದ್ದನೆಯ ಹಜಾರ, ಕಮಾನು ಚಾವಣಿ, ಗಾರೆಯ ಮೇಲೆ ಬಿಡಿಸಿದ ಹಸಿರು ಬಳ್ಳಿಗಳು. ಗೋಡೆಯ ಎತ್ತರದಲ್ಲಿ ಒಂದು ಪುಟ್ಟ ಕಲ್ಲಿನ ಅಟ್ಟಣಿಗೆ. ಎಲ್ಲರೂ ಊಟ ಮಾಡುವಾಗ ಒಬ್ಬ ಸಿಸ್ಟರ್ ಅಲ್ಲಿ ನಿಂತು ಓದಿ ಹೇಳುವುದು ರೂಢಿ. ಬಳ್ಳಿಗಳು ಎದ್ದು ಕಾಣಲೆಂದು ಅಕ್ಕ ಕನ್ನಡಿಯೊಂದಿಗೆ ಅಲ್ಲಿಗೆ ಹತ್ತಿ, ಬೆಳಕನ್ನು ಚಾವಣಿಗೆ ಸವರಿಕೊಂಡು ಹೋಗುವಂತೆ ಪಕ್ಕದಿಂದ ಬಿಟ್ಟರು. ಕಮಾನಿನ ನಡುವೆ, ಇರಬಾರದ ಕಡೆ ಒಂದು ನೆರಳು ಬಿತ್ತು. ಗಾರೆ ಅಷ್ಟಗಲ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು.

“ಅಂಗಡೀಲಿ ಗಾಜಿನ ಡೊಂಕು ನೋಡೋದು ಹೀಗೇ,” ಎಂದು ಅವರು ವಿವರಿಸುತ್ತಾರೆ. “ಎದುರಿಂದ ಬೆಳಕು ಬಿಟ್ರೆ ಎಲ್ಲಾ ನುಣ್ಣಗೇ ಕಾಣುತ್ತೆ. ಪಕ್ಕದಿಂದ ಬಿಟ್ಟಾಗಲೇ ಅದು ಬಾಯಿ ಬಿಡೋದು.”

ಅಕ್ಕ ಮೇಲಿನಿಂದಲೇ ತಮ್ಮನಿಗೆ ಹೇಳಿದರು. ತಮ್ಮನಿಗೆ ಇರಿಸುಮುರಿಸು. ಹಿಂದಿನ ತಿಂಗಳಷ್ಟೇ ಒಬ್ಬ ಎಂಜಿನಿಯರ್ ಬಂದು, ಕೆಳಗಿನಿಂದ ಟಾರ್ಚು ಬಿಟ್ಟು, ಚಾವಣಿ ಗಟ್ಟಿಯಾಗಿದೆ ಎಂದು ಬರೆದುಕೊಟ್ಟಿದ್ದರು.

“ಅಕ್ಕಾ, ನಾವು ಬಂದಿರೋದು ಫೋಟೋ ತೆಗೆಯೋಕೆ. ಓದಿದವರು ನೋಡಿ ಹೋಗಿದ್ದಾರೆ. ನಮಗ್ಯಾಕೆ?”

“ಅದರ ಕೆಳಗೆ ಇಪ್ಪತ್ತಾರು ಜನ ಕೂತು ಊಟ ಮಾಡ್ತಾರೆ ಕಣೋ. ಮದರ್‌ನ ಕರಿ. ಅವರು ಬಂದು ನೋಡೋ ತನಕ ನಾನು ಬೆಳಕು ಕೊಡಲ್ಲ.” ಹಾಗೆಂದು ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟು, ಅಟ್ಟಣಿಗೆಯ ಮೆಟ್ಟಿಲ ಮೇಲೆ ಕೂತೇಬಿಟ್ಟರು.

ಮಠದ ಮದರ್ ಬಂದರು. ಅಕ್ಕ ಮತ್ತೆ ಬೆಳಕು ಬಿಟ್ಟರು. ಮದರ್ ಬಹಳ ಹೊತ್ತು ಕತ್ತೆತ್ತಿ ನೋಡಿ, ಎಂಜಿನಿಯರಿಗೆ ಫೋನು ಮಾಡಿದರು. ಎಂಜಿನಿಯರ್ ಆ ಕಡೆಯಿಂದ ನಕ್ಕು, “ಅದು ಬರೀ ನೆರಳು ಮದರ್, ಕನ್ನಡಿ ಹಿಡಿದರೆ ಏನು ಬೇಕಾದರೂ ಕಾಣುತ್ತೆ” ಎಂದರು. ಮದರ್ ಫೋನು ಇಟ್ಟು ಅಕ್ಕನ ಕಡೆ ತಿರುಗಿದರು.

“ನಿಮಗೆ ಖಾತ್ರಿನಾ?”

“ಬೀಳುತ್ತೋ ಇಲ್ವೋ ನನಗೆ ಗೊತ್ತಿಲ್ಲ ಮದರ್. ಉಬ್ಬಿರೋದಂತೂ ಖಾತ್ರಿ. ನಮ್ಮ ಮನೇಲಾಗಿದ್ರೆ ಅದರ ಕೆಳಗೆ ತಮ್ಮನಿಗೆ ಊಟ ಬಡಿಸ್ತಿರಲಿಲ್ಲ.”

ಆ ಸಂಜೆಯೇ ಮೇಜು ಬೆಂಚುಗಳೆಲ್ಲ ಪಡಸಾಲೆಗೆ ಬಂದವು. ಗಾಳಿಗೆ, ಚಳಿಗೆ ಮೈಯೊಡ್ಡಿ ಒಂಬತ್ತು ದಿನ ಅಲ್ಲೇ ಊಟ. ವಯಸ್ಸಾದ ಸಿಸ್ಟರುಗಳು ಗೊಣಗಿದರು. ಚಾವಣಿ ತನ್ನ ಪಾಡಿಗೆ ತಾನಿತ್ತು. ಅಕ್ಕನಿಗೆ ಅತ್ತ ತಲೆ ಹಾಕಲೂ ನಾಚಿಕೆ. “ಬೀಳ್ಲಿ ಅಂತ ಕಾಯೋಕಾಗುತ್ತಾ? ಬೀಳದೇ ಇದ್ರೆ ಮುಖ ಎಲ್ಲಿಡೋದು? ತಮ್ಮ ಬೈದಿದ್ರೂ ವಾಸಿ ಇತ್ತು,” ಎಂದು ಆ ದಿನಗಳನ್ನು ನೆನೆಯುತ್ತಾರೆ.

ಹತ್ತನೆಯ ದಿನ ಬೆಳಗಿನ ತಿಂಡಿಯ ಹೊತ್ತಿಗೆ ಸರಿಯಾಗಿ ಗಾರೆ ಕಳಚಿ ಬಿತ್ತು. ಎರಡು ಬಾಗಿಲಗಲದ ತುಂಡು. ಮೊದಲಿನಂತೆ ಮೇಜುಗಳಿದ್ದಿದ್ದರೆ ನಡುವಿನ ಮೇಜಿನ ಮೇಲೇ ಬೀಳುತ್ತಿತ್ತು. ಪಡಸಾಲೆಯಲ್ಲಿದ್ದ ಇಪ್ಪತ್ತಾರು ಜನರ ತಟ್ಟೆಗೂ ಧೂಳು ಬಿತ್ತು, ಅಷ್ಟೇ. ಮದರ್ ಫೋನು ಮಾಡಿದಾಗ ಅಕ್ಕ ಫೋನನ್ನು ತಮ್ಮನ ಕೈಗೆ ಕೊಟ್ಟು, ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದರು. ಹೊರಗೆ ಬಂದಾಗ ತಮ್ಮ ತಾನೇ ಕಾಫಿ ಮಾಡಿಟ್ಟಿದ್ದ. “ಜನ್ಮದಲ್ಲಿ ಮೊದಲ ಸಲ. ಸಕ್ಕರೆ ಹಾಕೋದು ಮರೆತಿದ್ದ. ಸುಮ್ನೆ ಕುಡಿದೆ.”

ಉದುರಿದ ಬಳ್ಳಿಗಳನ್ನು ಮತ್ತೆ ಬಿಡಿಸಲು ಚಿತ್ರಗಾರರಿಗೆ ಆಧಾರವಾದದ್ದು ಅಂದು ಅಕ್ಕ ಬೆಳಕು ಹಿಡಿದು, ತಮ್ಮ ತೆಗೆದ ಫೋಟೋಗಳೇ. ಒಂದೊಂದು ಎಲೆಯೂ ತನ್ನ ಜಾಗಕ್ಕೆ ಮರಳಿದೆ. ಈಗ ಫೋಟೋ ಬೇಡದ ಚರ್ಚುಗಳಿಂದಲೂ ಕರೆ ಬರುತ್ತದೆ: ಕನ್ನಡಿಯಕ್ಕ ಒಮ್ಮೆ ಬಂದು ನಮ್ಮ ಚಾವಣಿ ನೋಡಿ ಹೋಗಲಿ. ಹೋದ ತಿಂಗಳು ಹಾಗೆ ಕರೆಸಿದವರಲ್ಲಿ ಆ ಎಂಜಿನಿಯರೂ ಒಬ್ಬರು. ಅಕ್ಕ ಹಳೆಯದೇನನ್ನೂ ಎತ್ತಲಿಲ್ಲ. ಪಕ್ಕದಿಂದ ಬೆಳಕು ಬಿಡುವುದನ್ನು ತೋರಿಸಿಕೊಟ್ಟು ಬಂದರು.

ಇನ್ನೇನಾದರೂ ಆಸೆಯಿತ್ತೇ ಎಂದು ಕೇಳಿದರೆ ಒಂದಿತ್ತು ಎನ್ನುತ್ತಾರೆ. ಕನ್ನಡಿ ಹಿಡಿದವರ ಕಣ್ಣು ಕನ್ನಡಿಯ ಮೇಲೆ, ಬೆಳಕಿನ ಅಂಚಿನ ಮೇಲೆ. ಚಾವಣಿಯನ್ನು ಪೂರ್ತಿಯಾಗಿ ನೋಡುವುದು ಮನೆಗೆ ಬಂದು ಫೋಟೋದಲ್ಲೇ. ಬೇರೆ ಯಾರಾದರೂ ಬೆಳಕು ಹಿಡಿಯಬೇಕು, ತಾವು ಬೆಂಚಿನ ಮೇಲೆ ಅಂಗಾತ ಮಲಗಿ ಒಂದು ಸಲ ಕಣ್ತುಂಬ ನೋಡಬೇಕು. ಅಷ್ಟೇ.

ಕಳೆದ ಹುಟ್ಟುಹಬ್ಬಕ್ಕೆ ತಮ್ಮ ಅದನ್ನೂ ಮಾಡಿದ. ಮಠದ ಅದೇ ಹಜಾರದಲ್ಲಿ ಅಕ್ಕನನ್ನು ಬೆಂಚಿನ ಮೇಲೆ ಮಲಗಿಸಿ, ತಾನೇ ಅಟ್ಟಣಿಗೆ ಹತ್ತಿ ಕನ್ನಡಿ ಎತ್ತಿದ. ಹೊಸ ಬಳ್ಳಿಗಳ ಮೇಲೆ ಬೆಳಕು ಹರಿಯಿತು. ಮದರ್ ಪಕ್ಕದಲ್ಲಿ ಕೂತು ನೋಡುತ್ತಿದ್ದರು.

“ಹೇಗಿತ್ತು ಅಕ್ಕ?” ಎಂದು ಈಗ ಅವರನ್ನು ಕೇಳಿದರೆ,

“ಚೆನ್ನಾಗಿತ್ತು. ಎರಡು ನಿಮಿಷ ನೋಡಿದೆ,” ಎಂದು ಅವರು ಕನ್ನಡಿಗೆ ಬೆಡ್‌ಶೀಟು ಸುತ್ತುತ್ತಾ ಹೇಳುತ್ತಾರೆ. “ಆಮೇಲೆ ತಡೆಯೋಕಾಗ್ಲಿಲ್ಲ. ಎದ್ದು ಮೇಲೆ ಹೋಗಿ ಕನ್ನಡಿ ಕಿತ್ಕೊಂಡೆ. ಪಾಪ, ಒಳ್ಳೆ ಫೋಟೋ ತೆಗೀತಾನೆ. ಆದ್ರೆ ಮೂಲೆ ಗುಡಿಸೋಕೆ ಬರಲ್ಲ ಅವನಿಗೆ.”