ಬಸ್ತ್ಯಾಂವ ಕಾಯಂ ಆದದ್ದು

ನಾನು ಧಾರವಾಡದಲ್ಲಿ ಐಟಿಐ ಪಾಸಾದವನು. ದಾಂಡೇಲಿಗೆ ಬಂದ ಮೊದಲ ತಿಂಗಳು ಇದನ್ನು ಚಹದಂಗಡಿಯವನಿಗೂ ಹೇಳಿದ್ದೆ. ಅವನು ಸಕ್ಕರೆ ಎಷ್ಟು ಹಾಕಲಿ ಎಂದಷ್ಟೇ ಕೇಳಿದ.

ಹಳಿಯಾಳ ರಸ್ತೆಯಲ್ಲಿ ರಟ್ಟಿನ ಕೊಳವೆ ಮಾಡುವ ಸಣ್ಣ ಕಾರ್ಖಾನೆಯಲ್ಲಿ ನನಗೆ ಇಲೆಕ್ಟ್ರಿಶಿಯನ್ ಕೆಲಸ. ಆರೇ ತಿಂಗಳಿಗೆ ಕಾಯಂ ಆದೆ. ಅದೇ ವಿಭಾಗದಲ್ಲಿ ಬಸ್ತ್ಯಾಂವ ಒಂಬತ್ತು ವರ್ಷದಿಂದ ಬದಲಿ ಕೆಲಸಗಾರನಾಗಿದ್ದ. ಬೆಳಿಗ್ಗೆ ಮೇಸ್ತ್ರಿ ಹೆಸರು ಕರೆದರೆ ಅಂದಿನ ಕೆಲಸ ಉಂಟು, ಕರೆಯದಿದ್ದರೆ ಇಲ್ಲ. ಬಸ್ತ್ಯಾಂವನ ಹೆಸರನ್ನು ದಿನಾ ಕರೆಯುತ್ತಿದ್ದರು, ಏಕೆಂದರೆ ಬ್ಯಾಟರಿ ಕೋಣೆಯ ಆಸಿಡ್ ವಾಸನೆಯಲ್ಲಿ ಬೇರೆ ಯಾರೂ ನಿಲ್ಲುತ್ತಿರಲಿಲ್ಲ. ಆದರೂ ದಿನಾ ಕರೆಯುವುದಕ್ಕೂ ಕಾಯಂ ಮಾಡುವುದಕ್ಕೂ ನಡುವೆ ಏನೋ ದೊಡ್ಡ ಹೊಳೆ ಇದೆಯೆಂದು ಆಫೀಸಿನವರ ಅಭಿಪ್ರಾಯ.

ನಲವತ್ತರ ಹತ್ತಿರದ ಸಿದ್ದಿ ಮನುಷ್ಯ. ಹಳಿಯಾಳದ ಕಡೆಯ ಹಳ್ಳಿಯ ಕ್ರಿಶ್ಚಿಯನ್. ಮನೆಯಲ್ಲಿ ಕೊಂಕಣಿ ಮಾತು, ಕಾರ್ಖಾನೆಯಲ್ಲಿ ಕನ್ನಡ, ಮೇಸ್ತ್ರಿಗೆ ಸಿಟ್ಟು ಬಂದಾಗ ಯಾವುದೂ ಇಲ್ಲ. ಹೆಂಡತಿ ಮಾರ್ಗರೀಟಾ, ಎರಡು ಹೆಣ್ಣುಮಕ್ಕಳು ಊರಲ್ಲಿದ್ದರು. ಕಾಯಂ ಆದವರಿಗೆ ಮಾತ್ರ ಕ್ವಾರ್ಟರ್ಸು. ಆದ್ದರಿಂದ ಬಸ್ತ್ಯಾಂವ ಶನಿವಾರ ಸಂಜೆ ಸೈಕಲ್ ಹತ್ತಿ ಊರಿಗೆ ಹೋಗುತ್ತಿದ್ದ, ಸೋಮವಾರ ಬೆಳಿಗ್ಗೆ ಬೆವರಿಳಿಸಿಕೊಂಡು ಬರುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಅದೊಂದೇ: ಮೂರು ಜನ ಅವನ ಜೊತೆ ಒಂದು ಸೂರಿನ ಕೆಳಗೆ.

ಸಾಮಾನು ಎಳೆಯುವ ಬ್ಯಾಟರಿ ಗಾಡಿಗಳನ್ನು ಅವನೇ ನೋಡಿಕೊಳ್ಳುತ್ತಿದ್ದ. ಅವನ ಹತ್ತಿರ ಮೀಟರ್ ಇರಲಿಲ್ಲ. ಲಾರಿಯ ಹಳೆಯ ಹೆಡ್‌ಲೈಟ್ ಬಲ್ಬಿಗೆ ಎರಡು ವೈರು ಕಟ್ಟಿಕೊಂಡಿದ್ದ. ನಾನು ನನ್ನ ಮೀಟರ್ ಹಚ್ಚಿ, "ನೋಡು ಬಸ್ತ್ಯಾಂವಣ್ಣಾ, ಹನ್ನೆರಡ ವೋಲ್ಟ್ ಐತಿ. ಗಟ್ಟಿ ಐತಿ" ಎಂದೆ. ಅವನು ಬಲ್ಬು ಹಚ್ಚಿದ. ಬಲ್ಬು ಕೆಂಪಗೆ ಉರಿಯಿತು, ನನ್ನ ಮೀಟರಿನ ಮುಳ್ಳು ನಾಚಿಕೊಂಡು ಕೆಳಗಿಳಿಯಿತು.

"ಸುಮ್ನ ಕುಂತಾಗ ಎಲ್ಲಾರೂ ಗಟ್ಟಿನ ಇರ್ತಾರ್ರಿ, ಐಟಿಐ ಸಾಹೇಬ್ರ. ಕೆಲಸಾ ಹಚ್ಚಿ ನೋಡ್ಬೇಕು."

ಬ್ಯಾಟರಿಯ ಬಗ್ಗೆಯೇ ಹೇಳುತ್ತಿದ್ದಾನೆಂದು ತಿಳಿದು ನಾನೂ ನಕ್ಕೆ.

ಆ ವರ್ಷ, ಎಂಬತ್ತೈದರಲ್ಲಿ, ಮ್ಯಾನೇಜರ್ ನಾಗಲಿಂಗಪ್ಪ ಸಾಹೇಬರಿಗೆ ಕುವೈತಿನ ಭಾವಮೈದುನ ಒಂದು ರಿಮೋಟ್ ಕಾರು ತಂದುಕೊಟ್ಟ. ಮಗಳಿಗೆಂದು ತಂದದ್ದು, ಆದರೆ ಅದು ಮಗಳ ಕೈಯಲ್ಲಿದ್ದದ್ದನ್ನು ಕಂಡವರಿಲ್ಲ. ಊಟದ ಬಿಡುವಿನಲ್ಲಿ ಸಾಹೇಬರು ಅಂಗಳದಲ್ಲಿ ಅದನ್ನು ಓಡಿಸುತ್ತಿದ್ದರು, ನಾವು ಡಬ್ಬಿ ಮುಚ್ಚಿ ಚಪ್ಪಾಳೆ ತಟ್ಟುತ್ತಿದ್ದೆವು. ಒಂದು ದಿನ ಕಾರು ಹೇಳಿದ ಮಾತು ಕೇಳದೆ ನೆಟ್ಟಗೆ ಹೋಗಿ ಅಂಟಿನ ತೊಟ್ಟಿಗೆ ಗುದ್ದಿತು. ನನ್ನನ್ನು ಕರೆದರು.

"ಕ್ಯಾಂಟೀನಿನ ರೇಡಿಯೊ ಅಡ್ಡ ಬರ್ತೈತ್ರಿ ಸರ್" ಎಂದೆ, ಐಟಿಐ ಗಾಂಭೀರ್ಯದಿಂದ. ಒಂದು ವಾರ ಕ್ಯಾಂಟೀನಿನಲ್ಲಿ ಹಾಡು ಬಂದ್. ಇನ್ನೂರು ಜನ ನನ್ನನ್ನು ಬೈದುಕೊಂಡು ಉಂಡರು. ಕಾರು ಎಂಟನೆಯ ದಿನ ಮತ್ತೆ ತೊಟ್ಟಿಗೆ ಗುದ್ದಿತು.

ಬಸ್ತ್ಯಾಂವ ಅದನ್ನು ಮಗುಚಿ ನೋಡಿದ. ಅದರಲ್ಲಿ ಎರಡು ಬಗೆಯ ಬ್ಯಾಟರಿ ಇದ್ದವು. ದೊಡ್ಡದು ಚಕ್ರ ತಿರುಗಿಸಲು. ಇನ್ನೊಂದು ನಾಲ್ಕು ಪೆನ್ಸಿಲ್ ಸೆಲ್ಲುಗಳ ಕಟ್ಟು. ಅದು ರಿಸೀವರಿಗೆ, ಅಂದರೆ ರಿಮೋಟಿನ ಮಾತು ಕೇಳಿಸಿಕೊಳ್ಳುವ ಪೆಟ್ಟಿಗೆಗೆ, ಜೊತೆಗೆ ಮುಂದಿನ ಪುಟ್ಟ ದೀಪಗಳಿಗೆ. ಪೆನ್ಸಿಲ್ ಸೆಲ್ಲು ಸೋತರೆ ಕಾರಿಗೆ ಕಿವಿ ಕೇಳುವುದಿಲ್ಲ, ಕಾಲು ಮಾತ್ರ ಓಡುತ್ತಿರುತ್ತದೆ. ಅವನು ಒಂದು ಟಾರ್ಚ್ ಬಲ್ಬನ್ನು ಸೋಪಿನ ಡಬ್ಬಿಗೆ ಕೂರಿಸಿ ಎರಡು ವೈರು ಹೊರಗೆ ಬಿಟ್ಟ. ಪ್ರತಿ ಸಲ ಓಡಿಸುವ ಮುಂಚೆ ಪೆನ್ಸಿಲ್ ಸೆಲ್ಲಿಗೆ ಹಚ್ಚಿ ನೋಡುವುದು. ಬೆಳಕು ಬೆಳ್ಳಗಿದ್ದರೆ ಬಿಡುವುದು, ಕೆಂಪಾದರೆ ಸೆಲ್ಲು ಬದಲಿಸುವುದು. ಕಾರು ಮತ್ತೆ ತೊಟ್ಟಿಯ ಕಡೆ ತಿರುಗಿ ನೋಡಲಿಲ್ಲ.

ಸಾಹೇಬರು ಖುಷಿಯಾಗಿ ಎಲ್ಲರೆದುರು ಹೇಳಿದರು: "ಖಂಡೇಪೂಜಿಗೆ ಮಾಲಕ್ರು ಬೆಳಗಾವಿಯಿಂದ ಬರ್ತಾರ. ಅವ್ರ ಮುಂದ ಇದು ಚಲೋತ್ನಂಗ ಓಡ್ತಂದ್ರ, ಬಸ್ತ್ಯಾಂವ, ನಿನ್ನ ಕಾಯಂ ಮಾಡಸೂದು ನನ್ನ ಕಡೆ ಬಿಡು."

ಬಸ್ತ್ಯಾಂವ ಆ ಶನಿವಾರ ಊರಿಗೆ ಹೋಗುವಾಗ ಸೈಕಲ್ ಗಂಟೆಯನ್ನು ಸುಮ್ಮನೆ ಬಾರಿಸಿದ.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಬೆಳಿಗ್ಗೆ ಶಂಕ್ರಪ್ಪ ಮೇಸ್ತ್ರಿ ಪಾನಾ, ಸುತ್ತಿಗೆ, ನನ್ನ ಮೀಟರು, ಬಸ್ತ್ಯಾಂವನ ಸೋಪಿನ ಡಬ್ಬಿ ಎಲ್ಲವನ್ನೂ ದೇವಿಯ ಮುಂದೆ ಸಾಲಾಗಿಟ್ಟು ಕುಂಕುಮ ಹಚ್ಚಿದ. ಸಾಹೇಬರ ರಿಮೋಟ್ ಕಾರಿಗೆ ಚೆಂಡುಹೂವಿನ ಹಾರ. ಹೊಸ ಸೆಲ್ಲು ನಾನೇ ಹಾಕಿದ್ದೆ. ಆರತಿಯ ಹೊತ್ತಿಗೆ ನನಗೊಂದು ಭಕ್ತಿ ಹುಟ್ಟಿತು: ದೇವಿಗೆ ಸತ್ತ ಯಂತ್ರ ತೋರಿಸಬಾರದು. ಸ್ವಿಚ್ ಒತ್ತಿದೆ. ಕಾರಿನ ಮುಂದಿನ ಎರಡು ಪುಟ್ಟ ದೀಪ ಹೊತ್ತಿಕೊಂಡವು. ಹೆಂಗಸರು ಕೈಮುಗಿದರು. ನಾನು ಅದರ ಅರ್ಧ ನಮಸ್ಕಾರವನ್ನು ನನ್ನ ಪಾಲಿಗೆ ಇಟ್ಟುಕೊಂಡೆ.

ಪೂಜೆಯಾದ ಮೇಲೆ ಸಾಮಾನು ಯಾರೂ ಮುಟ್ಟುವಂತಿಲ್ಲ. ಹೀಗಾಗಿ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ದೀಪ ಉರಿಯಿತು, ರಿಸೀವರ್ ಯಾರ ಮಾತೂ ಇಲ್ಲದೆ ಕಿವಿಗೊಟ್ಟು ಕುಳಿತಿತು. ಮಾಲಕರು ಬಂದರು. ಈಗ ಕಾರನ್ನಾದರೂ ಎತ್ತಬಹುದೇ ಎಂಬ ಪ್ರಶ್ನೆ ಎದ್ದಿತು. ಶಂಕ್ರಪ್ಪ ನ್ಯಾಯ ಹೇಳಿದ: "ಆಟದ ಸಾಮಾನು ಆಯುಧ ಅಲ್ಲ, ಎತ್ತರಿ. ಬಲ್ಬು, ಮೀಟ್ರು ಆಯುಧ. ನಾಳೆ ದಸರಾದ ಬನ್ನಿ ಎಲಿ ಕೊಡೂತನಕ ಮುಟ್ಟಾಂಗಿಲ್ಲ."

"ಅದು ಸೋಪಿನ ಡಬ್ಬಿರೀ ಮೇಸ್ತ್ರಿ" ಎಂದ ಬಸ್ತ್ಯಾಂವ.

"ಕುಂಕುಮ ಬಿದ್ದಮ್ಯಾಲೆ ಎಲ್ಲಿ ಸೋಪು?"

ಬಸ್ತ್ಯಾಂವ ಕಾರನ್ನು ಎತ್ತಿ, ಅಂಗೈ ಮರೆಮಾಡಿ ಅದರ ದೀಪ ನೋಡಿದ. "ಕೆಂಪಾಗ್ಯಾವ. ಮುಂಜಾನಿಂದ ಹಚ್ಚೇ ಇಟ್ಟೀರೇನ್ರಿ?"

"ಹೊಸಾ ಸೆಲ್ಲು. ಏನಾಗೂದಿಲ್ಲ" ಎಂದೆ ನಾನು.

ಅವನು ಸುಮ್ಮನಿರಬಹುದಿತ್ತು. ನೇರ ಸಾಹೇಬರ ಹತ್ತಿರ ಹೋದ. "ಸಾಹೇಬ್ರ, ಈಗ ಬಿಡಬ್ಯಾಡ್ರಿ. ಪ್ಯಾಟಿಗೆ ಹೋಗಿ ಸೆಲ್ ತರ್ತೇನಿ, ಅರ್ಧಾ ತಾಸು ಕೊಡ್ರಿ."

"ಮಾಲಕ್ರ ನಿಂತಾರ, ನೀ ಪ್ಯಾಟಿಗೆ ಹೊಂಟಿ? ಸಾತಪ್ಪಾ, ನೀ ಏನಂತಿ?"

ಎಲ್ಲರೂ ನನ್ನತ್ತ ನೋಡಿದರು. ಸ್ವಿಚ್ಚಿನ ಕತೆ ಹೇಳಿದರೆ ಬೆಳಗಿನ ನಮಸ್ಕಾರ ವಾಪಸು ಕೊಡಬೇಕಾಗುತ್ತಿತ್ತು. "ಹೊಸಾವ ಅದಾವ್ರಿ ಸರ್" ಎಂದೆ. ಸುಳ್ಳಲ್ಲ, ನಿಜವೂ ಅಲ್ಲ.

ಕಾರು ಮೂರು ಸುತ್ತು ಚಂದವಾಗಿ ಓಡಿತು. ನಾಲ್ಕನೆಯ ಸುತ್ತಿಗೆ ತಿರುಗಲಿಲ್ಲ. ಸಾಹೇಬರು ರಿಮೋಟ್ ಒತ್ತಿದರು, ಅಲ್ಲಾಡಿಸಿದರು, ಕೊನೆಗೆ ಬೈದರು. ಕಾರು ಹಾರ ಎಳೆದುಕೊಂಡು, ತೆರೆದ ಗೇಟು ದಾಟಿ, ಹಳಿಯಾಳ ರಸ್ತೆಗೆ ಇಳಿಯಿತು. ಎದುರಿಗೆ ಬಿದಿರು ತುಂಬಿದ ಲಾರಿ. ನಾವೆಲ್ಲ ಬಾಯಿ ತೆರೆದು ನಿಂತಿದ್ದಾಗ ಬಸ್ತ್ಯಾಂವ ಓಡಿಹೋಗಿ ಅದನ್ನು ಬಾಚಿಕೊಂಡು ಆಚೆ ಬದಿಯ ಗಟಾರಕ್ಕೆ ಹಾರಿದ. ಲಾರಿ ಬ್ರೇಕಿನ ಸದ್ದಡಗಿದ ಮೇಲೆ ಎದ್ದು ಬಂದ. ಮೊಣಕಾಲು ತರಚಿತ್ತು. ಕೈಯಲ್ಲಿ ಕಾರಿನ ಚಕ್ರ ಇನ್ನೂ ಗಿರ್ರೆಂದು ತಿರುಗುತ್ತಿತ್ತು.

ಸಾಹೇಬರ ಮುಖ ಸುಣ್ಣವಾಗಿತ್ತು. "ಏನಾತೋ ಇದಕ್ಕ?"

"ಸೆಲ್ ಮುಗದಾವ್ರಿ" ಎಂದ ಬಸ್ತ್ಯಾಂವ. ಯಾರಿಂದ ಎಂದು ಹೇಳಲಿಲ್ಲ. ನಾನು ಒಡೆದ ತೆಂಗಿನಕಾಯಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ಮಾಲಕರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಏನ್ ಓಡ್ತಾನ ಇಂವಾ! ನಾಗಲಿಂಗಪ್ಪಾ, ಇಂಥಾವನ್ನ ಒಳಗ ಕೂಡ್ರಿಸೀ ಏನ? ಗೇಟಿಗೆ ಹಾಕು. ಕಾಯಂ ಮಾಡು."

ಮರುವಾರ ಆರ್ಡರ್ ಬಂತು. ಬಸ್ತ್ಯಾಂವ, ವಾಚ್‌ಮನ್, ಕಾಯಂ. ಬ್ಯಾಟರಿ ಕೋಣೆ: ಹೆಚ್ಚುವರಿ ಜವಾಬ್ದಾರಿ, ಸಾತಪ್ಪ, ಐಟಿಐ. ಒಂಬತ್ತು ವರ್ಷ ಕೆಲಸ ಮಾಡಿದ ಅವನ ತಲೆ ಯಾರಿಗೂ ಕಂಡಿರಲಿಲ್ಲ. ಅರ್ಧ ನಿಮಿಷ ಓಡಿದ ಕಾಲು ಕಂಡಿತ್ತು. ಸ್ವಿಚ್ಚಿನ ವಿಷಯ ಒಪ್ಪಿಕೊಳ್ಳಲು ಗೇಟಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ, "ಗೊತ್ತೈತ್ರಿ. ಮಾರ್ಗರೀಟಾ ನಾಳೆ ಬರ್ತಾಳ" ಎಂದ.

ಹದಿನೈದು ದಿನಕ್ಕೆ ಅವನ ಕ್ವಾರ್ಟರ್ಸಿನಿಂದ ಚೀಟಿ ಬಂತು, ಫ್ಯೂಜ್ ಹೋಗಿದೆಯೆಂದು. ಪಾನಾ, ವೈರು ಹಿಡಿದು ಹೋದೆ. ಹೆಣ್ಣುಮಕ್ಕಳು ಕುರ್ಚಿ ತಂದಿಟ್ಟರು, ನಾನು ಹತ್ತಿದೆ.

"ಇದನ್ನ ನೀನೇ ಕಣ್ಣ ಮುಚ್ಚಿ ಹಾಕ್ತಿದ್ದೆಲ್ಲಾ, ಬಸ್ತ್ಯಾಂವಣ್ಣಾ?"

"ಹಂಗ ಮುಟ್ಟಾಕ ಬರೂದಿಲ್ರಿ. ನಾ ಈಗ ವಾಚ್‌ಮನ್. ಕರೆಂಟಿನ ಕೆಲಸಾ ಕರೆಂಟಿನವ್ರೇ ಮಾಡ್ಬೇಕು" ಎಂದು ಖಾಕಿ ಅಂಗಿಯ ಬೆನ್ನ ಹಿಂದೆ ಕೈಕಟ್ಟಿಕೊಂಡು ನಿಂತ. ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದ. ಕೊನೆಗೆ ತಡೆಯಲಾಗದೆ ಹೇಳಿದ:

"ಆ ವೈರಲ್ರಿ. ಅದರ ಬಾಜೂಕಿಂದು."